ಸುಮಾರಾದ ಇಡ್ಲಿ ಮತ್ತು ಆಸ್ಪತ್ರೆಯ ಬೋರ್ಡು

ಮಾರಕ್ಕನ ಹೋಟೆಲಿನ ಬಾಗಿಲ ಮೇಲೆ ‘ಸುಮಾರಾದ ಇಡ್ಲಿ, ಖಾರದ ಚಟ್ನಿ, ಒಡತಿ ಮಾರಕ್ಕ’ ಎಂದು ಬರೆದವನು ನಾನೇ. ಅದಕ್ಕೂ ಮೊದಲು ಆಕೆ ಬರೆಸಿದ್ದು ‘ಒಳ್ಳೆಯ ಇಡ್ಲಿ, ಖಾರದ ಚಟ್ನಿ’ ಎಂದು. ನಾನು ಏಣಿ ಇಳಿದು ಬ್ರಷ್ಷನ್ನು ಟರ್ಪೆಂಟೈನಿನಲ್ಲಿ ಅದ್ದುವಷ್ಟರಲ್ಲಿ ಅಕ್ಷರಗಳೆಲ್ಲ ತಗಡು ಬಿಟ್ಟು, ಬಾಗಿಲ ಚೌಕಟ್ಟಿನ ಮೇಲೆ ಇಳಿದು, ಮೆಟ್ಟಿಲ ಮೇಲೆ ನೀಲಿ ಮಡುವಾಗಿ ನಿಂತವು. ಮಾರಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಆ ಮಡುವನ್ನೇ ನೋಡಿದಳು.

“ಇಡ್ಲಿ ಸುಳ್ಳು ಅಂತಾನೇ ಇಟ್ಕ. ಚಟ್ನಿ ಏನು ತಪ್ಪು ಮಾಡಿತ್ತೋ, ತಿಪ್ಪೇಶಿ?”

“ಒಂದು ಹನಿ ಹುಳಿ ಬಿದ್ರೆ ಇಡೀ ಹಾಲು ಒಡೆಯಲ್ವೇನಕ್ಕ? ಹಂಗೇ ಇದು. ಒಂದು ಮಾತು ಸುಳ್ಳಾದ್ರೆ ಬೋರ್ಡಲ್ಲಿರೋದೆಲ್ಲಾ ಜಾರ್ತದೆ.”

“ಹಂಗಾದ್ರೆ ಕೆಟ್ಟ ಇಡ್ಲಿ ಅಂತ ಬರಿ, ನೋಡೇಬಿಡಾನ.”

ಬರೆದೆ. ಅದೂ ಜಾರಿತು. ಮಾರಕ್ಕನ ಮುಖ ಅರಳಿತು. “ನೋಡ್ದಾ! ಕೆಟ್ಟದ್ದಂತೂ ಅಲ್ಲ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಹೀಗೆ ನಾವಿಬ್ಬರೂ ‘ಸುಮಾರಾದ’ ಎಂಬಲ್ಲಿಗೆ ಬಂದು ತಲುಪಿದೆವು. ಆ ಬೋರ್ಡು ಇವತ್ತಿಗೂ ಒಂದು ಚೂರೂ ಅಲುಗದೆ ನಿಂತಿದೆ.

ನಮ್ಮೂರಿನಲ್ಲಿ ಬೋರ್ಡು ಬರೆಯುವುದೆಂದರೆ ಹೀಗೆ. ಹೊರಗಿನಿಂದ ಬಂದ ಪೇಂಟರುಗಳು ಮೊದಮೊದಲು ಬಣ್ಣದಲ್ಲಿ ಕಲಬೆರಕೆ ಇದೆ ಎಂದು ಅಂಗಡಿಯವರ ಜೊತೆ ಜಗಳ ಆಡುತ್ತಾರೆ, ಆಮೇಲೆ ಊರು ಬಿಡುತ್ತಾರೆ. ನಾನು ಇಲ್ಲೇ ಹುಟ್ಟಿದವನು. ಗುರುವಿಲ್ಲದೆ, ತಗಡಿನ ಮುಂದೆ ಕೂತು ಕಲಿತೆ. ದೊಡ್ಡ ಸುಳ್ಳು ಮಜ್ಜಿಗೆಯ ಹಾಗೆ ಹರಿಯುತ್ತದೆ, ಸಣ್ಣ ಸುಳ್ಳು ಬೆಲ್ಲದ ಪಾಕದ ಹಾಗೆ ನಿಧಾನಕ್ಕೆ ಇಳಿಯುತ್ತದೆ. ಇಷ್ಟು ತಿಳಿದರೆ ಅರ್ಧ ವಿದ್ಯೆ ಬಂದಂತೆ. ಉಳಿದರ್ಧ, ಗಿರಾಕಿಯ ಮನಸ್ಸು ನೋಯಿಸದೆ ಅವನನ್ನು ನಿಜಕ್ಕೆ ಒಪ್ಪಿಸುವುದು. ಹಾಲಿನ ಅಂಗಡಿಯ ಮೇಲೆ ‘ನೀರು ಬೆರೆತ ಹಾಲು, ನೀರು ಶುದ್ಧ’ ಎಂದು ಬರೆದಿದ್ದೇನೆ. ವಕೀಲರೊಬ್ಬರಿಗೆ ‘ಒಮ್ಮೊಮ್ಮೆ ಗೆಲ್ಲುತ್ತಾರೆ’ ಎಂದು ಬರೆದ ಮೇಲೆ ಅವರ ಕಚೇರಿಯಲ್ಲಿ ಕೂರಲು ಜಾಗವಿಲ್ಲ. ಪಕ್ಕದ ವಕೀಲರ ಬೋರ್ಡು ಅಷ್ಟನ್ನೂ ಹೇಳುವಂತಿರಲಿಲ್ಲ. ಚುನಾವಣೆ ಬಂತೆಂದರೆ ಮಾತ್ರ ನಾನು ಮನೆಯಲ್ಲಿ ಮಲಗಿರುತ್ತೇನೆ. ಕಾಗದದ ಮೇಲೆ ಯಾರು ಏನು ಬೇಕಾದರೂ ಬರೆಯಬಹುದು, ಅದು ಜಾರುವುದಿಲ್ಲ. ಅದಕ್ಕೇ ನಮ್ಮ ಜನ ಕಾಗದ ನಂಬುವುದಿಲ್ಲ, ಬೋರ್ಡು ನಂಬುತ್ತಾರೆ.

ಹೆಸರಿಲ್ಲದ ಬೋರ್ಡನ್ನೂ ನಂಬುವುದಿಲ್ಲ. ಹಿಂದೆ ಯಾವನೋ ಒಬ್ಬ ‘ಶುದ್ಧ ಎಣ್ಣೆ’ ಎಂದಷ್ಟೇ ಬರೆದು ತೂಗುಹಾಕಿದ್ದ. ಅಕ್ಷರ ಗಟ್ಟಿಯಾಗಿ ನಿಂತಿದ್ದವು. ಮದುವೆ ಮನೆಯವರು ನಂಬಿ ಕೊಂಡುಹೋಗಿ ಬೋಂಡ ಕರಿದು ಬಡಿಸಿದರು. ಎಣ್ಣೆ ಶುದ್ಧವೇ, ಆದರೆ ಶುದ್ಧ ಹರಳೆಣ್ಣೆ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಎಂಬ ಭೇದವಿಲ್ಲದೆ ಎಲ್ಲರೂ ಹೊಲದ ಕಡೆ ಓಡಿದರು. ಹಿಡಿದು ಕೇಳೋಣವೆಂದರೆ ಬೋರ್ಡಿನಲ್ಲಿ ಹೆಸರಿಲ್ಲ. ಅಂದಿನಿಂದ ನಮ್ಮಲ್ಲಿ, ಇದು ಯಾರದು ಎಂದು ಹೇಳದ ಬೋರ್ಡಿನ ಕೆಳಗೆ ಯಾರೂ ತಲೆ ತಗ್ಗಿಸಿ ಒಳಗೆ ಹೋಗುವುದಿಲ್ಲ.

ಇನ್ನು ಬೂದಿ ಕೆಮ್ಮಿನ ವಿಷಯಕ್ಕೆ ಬರುತ್ತೇನೆ. ಅದು ನಮ್ಮೂರಿನ ಹಳೆಯ ರೋಗ. ಕೆಮ್ಮಿದರೆ ಬೂದಿ ಬಣ್ಣದ ಕಫ ಬೀಳುತ್ತದೆ, ಮೈ ಒಣಗುತ್ತಾ ಬರುತ್ತದೆ, ಕೊನೆಗೆ ಮನುಷ್ಯ ಗೋಡೆಗೆ ಒರಗಿದವನು ಒರಗಿದಂತೆಯೇ ಹೋಗಿಬಿಡುತ್ತಾನೆ. ಮಾರಕ್ಕನ ಗಂಡ ನಿಂಗಪ್ಪ ಹೋಗಿದ್ದೂ ಅದರಲ್ಲೇ. ಹೋಟೆಲಿನ ಹಿಟ್ಟು ರುಬ್ಬುತ್ತಿದ್ದವನು ಅವನು. ಒರಳಿನ ಮುಂದೆ ಕೂತು, ಬಂದವರಿಗೆಲ್ಲ ಒಗಟು ಹಾಕಿ, ಉತ್ತರ ಹೇಳದವರಿಗೆ ಎರಡನೇ ಸಲ ಚಟ್ನಿ ಇಲ್ಲ ಎನ್ನುತ್ತಿದ್ದ. ಅವನು ಹೋದ ಮೇಲೆಯೇ ಇಡ್ಲಿ ಸುಮಾರಾಗಿದ್ದು ಎಂದು ಹಳಬರು ಹೇಳುತ್ತಾರೆ. ಮಾರಕ್ಕನ ಎದುರಿಗೆ ಹೇಳುವುದಿಲ್ಲ. ಬೋರ್ಡು ಕಲಿಯುವ ಕಾಲಕ್ಕೆ ನನಗೆ ಹೊತ್ತುಹೊತ್ತಿಗೆ ತಟ್ಟೆ ಕೊಟ್ಟು ಸಾಕಿದವರು ಅವರಿಬ್ಬರೇ. ಈಗ ಮಾರಕ್ಕನೂ ಕೆಮ್ಮತೊಡಗಿದ್ದಳು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು, “ಒಲೆ ಹೊಗೆ ಕಣೋ,” ಎನ್ನುತ್ತಿದ್ದಳು. ಸೆರಗಿನ ತುದಿ ಬೂದಿ ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿದ್ದೆ. ಬಣ್ಣದವನ ಕಣ್ಣಿಗೆ ಅಂಥದ್ದು ತಪ್ಪುವುದಿಲ್ಲ.

ಅಷ್ಟರಲ್ಲಿ ನಮ್ಮ ಆಸ್ಪತ್ರೆಯ ಹಿಂದಿನ ಪ್ರಯೋಗಾಲಯದಲ್ಲಿ ಮದ್ದು ಸಿಕ್ಕಿದೆ ಎಂಬ ಸುದ್ದಿ ಬಂತು. ಮಣ್ಣಿನಲ್ಲಿ ಬೆಳೆಯುವ ಒಂದು ಬೂಷ್ಟಿನಿಂದ ತೆಗೆದ ಸೂಜಿಮದ್ದಂತೆ. ಹೊರ ಊರುಗಳಲ್ಲಿ ಗೋಡೆಗೆ ಒರಗಿದವರು ಎದ್ದು ಓಡಾಡುತ್ತಿದ್ದಾರಂತೆ. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ನಮ್ಮವರು, ಕಾಗದ ತಾನೇ, ಎಂದರು. ಅದಕ್ಕಾಗಿಯೇ ಹೊಸ ವಾರ್ಡು ಕಟ್ಟಿ, ಬಾಗಿಲಿಗೆ ಬೋರ್ಡು ಬರೆಯಲು ನನ್ನನ್ನು ಕರೆಸಿದರು. ನಾನು ಮಾರಕ್ಕನಿಗೆ ಒಲೆ ಆರಿಸಲು ಹೇಳಿ, ಹೆಚ್ಚುಕಮ್ಮಿ ಎಳೆದುಕೊಂಡೇ ಹೋಗಿ, ಅಂಗಳದಲ್ಲಿ ಚಾಪೆಯ ಮೇಲೆ ಕೂತಿದ್ದ ರೋಗಿಗಳ ನಡುವೆ ಕೂರಿಸಿದೆ.

ಪ್ರಯೋಗಾಲಯದ ಮುಖ್ಯಸ್ಥರು ಡಾಕ್ಟರ್ ಹಾಲಸ್ವಾಮಿ. ಎತ್ತರದ ಆಳು, ಬಿಳಿ ಮೀಸೆ, ಪ್ರತಿ ಮಾತಿಗೂ ಗಂಟಲು ಸರಿಮಾಡಿಕೊಳ್ಳುವವರು. ಅವರೇ ಹೇಳಿ ಬರೆಸಿದರು: ‘ಬೂದಿ ಕೆಮ್ಮನ್ನು ವಾಸಿ ಮಾಡುವ ಮದ್ದು ಇಲ್ಲಿದೆ. ಕಂಡುಹಿಡಿದವರು ಡಾ. ಹಾಲಸ್ವಾಮಿ.’

ಕೊನೆಯ ಅಕ್ಷರಕ್ಕೆ ಬ್ರಷ್ ಮುಟ್ಟಿಸಿದ್ದೇ ತಡ, ಇಡೀ ಬೋರ್ಡು ಮಜ್ಜಿಗೆಯ ಹಾಗೆ ಸುರಿದು ನನ್ನ ಅಂಗಿಯ ಮೇಲೆ ಬಿತ್ತು.

ಅಂಗಳದಲ್ಲಿ ಯಾರೋ, “ಮದ್ದು ಸುಳ್ಳು ಕಣ್ರಪ್ಪೋ!” ಎಂದರು. ಚಾಪೆಗಳು ಸುರುಳಿಯಾಗತೊಡಗಿದವು.

ಅಲ್ಲೇ ನಿಂತಿದ್ದ ಡಾಕ್ಟರ್ ಮಧುಕೇಶ್ವರ ಮುಂದೆ ಬಂದರು. ಅವರು ಹಾಲಸ್ವಾಮಿಯವರ ಶಿಷ್ಯರೇ. ಗುರುಶಿಷ್ಯರು ಒಂದೇ ಕಟ್ಟಡದಲ್ಲಿದ್ದುಕೊಂಡು ಬೇರೆಬೇರೆ ಬಾಗಿಲಿನಿಂದ ಓಡಾಡುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು. “ಮದ್ದು ಸುಳ್ಳಲ್ಲ. ಹೆಸರು ಸುಳ್ಳು,” ಎಂದರು. “ಪೇಂಟರೇ, ಕಂಡುಹಿಡಿದವರು ಡಾ. ಮಧುಕೇಶ್ವರ ಅಂತ ಬರೀರಿ.”

“ಬರೀಲಿ, ಬರೀಲಿ,” ಎಂದು ಹಾಲಸ್ವಾಮಿಯವರು ಗಂಟಲು ಸರಿಮಾಡಿಕೊಂಡರು. “ಮಣ್ಣು ಹೊತ್ತು ತಂದು ಕೊಟ್ಟೋನು ನಾನು. ಡಬ್ಬಿ ಮುಚ್ಚಳ ತೆಗೆದೋನು ಇವನು.”

“ಮಣ್ಣು ಎಲ್ರೂ ಹೊರ್ತಾರೆ ಸರ್. ಕತ್ತೇನೂ ಹೊರತ್ತೆ.”

ಬರೆದೆ. ಅದೂ ಸುರಿಯಿತು. ಹಾಲಸ್ವಾಮಿಯವರ ಮೀಸೆಯಲ್ಲಿ ನಗು ಕಂಡಿತು. ಆದರೆ ಆ ಹೊತ್ತಿಗೆ ಅರ್ಧ ಅಂಗಳ ಖಾಲಿಯಾಗಿತ್ತು. ಇಬ್ಬರ ಹೆಸರನ್ನೂ ಒಟ್ಟಿಗೆ ಬರೆಯೋಣ ಎಂದರೆ ಯಾರದು ಮೇಲೆ, ಯಾರದು ಕೆಳಗೆ ಎಂದು ಜಗಳ ಶುರುವಾಯಿತು. ನಾನೇ ಅಕ್ಕಪಕ್ಕ ಬರೆದೆ. ಈ ಸಲ ಮಜ್ಜಿಗೆಯಷ್ಟು ತೆಳ್ಳಗಲ್ಲ, ಗಂಜಿಯಷ್ಟು ಮಂದವಾಗಿ ಇಳಿಯಿತು. ಸುಳ್ಳು ಕಡಿಮೆಯಾಗಿದೆ ಎಂದು ನನಗೆ ತಿಳಿಯಿತು, ಆದರೆ ಚಾಪೆ ಸುತ್ತಿಕೊಂಡು ಹೋಗುವವರಿಗೆ ಅದನ್ನು ಹೇಗೆ ತಿಳಿಸುವುದು? ಹೆಸರೇ ಇಲ್ಲದೆ ‘ಮದ್ದು ವಾಸಿ ಮಾಡುತ್ತದೆ’ ಎಂದಷ್ಟೇ ಬರೆದೆ. ಬಂಡೆಯ ಹಾಗೆ ನಿಂತಿತು. “ನಿಂತೈತೆ, ನೋಡ್ರಪ್ಪಾ!” ಎಂದು ಕೂಗಿದೆ. ಗೇಟಿನ ಹತ್ತಿರದಿಂದ ಒಬ್ಬ ಮುದುಕ ತಿರುಗಿ, “ಎಣ್ಣೇನೂ ನಿಂತಿತ್ತಪ್ಪಾ,” ಎಂದು ಹೊಟ್ಟೆ ಹಿಡಿದು ತೋರಿಸಿ ಹೊರಟುಹೋದ.

ಮಾರಕ್ಕ ಎಲ್ಲರಿಗಿಂತ ಮೊದಲೇ ಎದ್ದು ಹೋಗಿದ್ದಳು.

ಹೋಟೆಲಿಗೆ ಹೋದೆ. ಆಕೆ ಒಲೆ ಊದುತ್ತಾ, ನಡುನಡುವೆ ಕೆಮ್ಮುತ್ತಾ ಕೂತಿದ್ದಳು.

“ಅಕ್ಕ, ಮದ್ದು ನಿಜ. ಬೋರ್ಡು ಬಿಟ್ಟಾಕು, ನನ್ನ ಮಾತು ನಂಬು.”

“ಒಳ್ಳೆ ಇಡ್ಲಿ ಅಂತ ನೀನು ತಿಂದು ಹೇಳಿದ್ದು ನಂಬಿ ಬೋರ್ಡು ಬರೆಸಿದ್ದೆ, ಜಾರೋಯ್ತು.”

“ತಮಾಷೆ ಬ್ಯಾಡ. ಸತ್ತೋಗ್ತೀಯ.”

“ಸತ್ರೆ ಸಾಯ್ತೀನಿ. ಆ ಬಾಗಿಲು ಮಾತ್ರ ಸುಳ್ಳು ಹೇಳ್ತಿರೋವಾಗ ನಾನು ಅದರೊಳಕ್ಕೆ ಹೋಗಲ್ಲ.” ಎಂದೂ ಹಾಗೆ ಗಡುಸಾಗಿ ಮಾತಾಡದವಳು. ಆಮೇಲೆ ತಾನೇ ಮೆತ್ತಗಾಗಿ, ಒಲೆಯೊಳಕ್ಕೆ ಪುಳ್ಳೆ ತುರುಕುತ್ತಾ, “ಇಬ್ಬರದ್ದೇ ಹೆಸರು ಬರೆದ್ಯಂತಲ್ಲ. ಆ ಮದ್ದು ಹುಡುಕೋ ಕಾಲಕ್ಕೆ ಲ್ಯಾಬಿಗೆ ದಿನಾ ಮೂರು ಪ್ಲೇಟ್ ಇಡ್ಲಿ ಕಳಿಸ್ತಿದ್ದೆ. ಮೂರನೇದು ದೆವ್ವ ತಿಂತಿತ್ತಾ?” ಎಂದಳು.

ಆಗ ನೆನಪಾಯಿತು. ಬಿಳಿ ಕೋಟು ಹಾಕಿಕೊಂಡು, ಬೇಗಬೇಗ ನಡೆಯುತ್ತಿದ್ದ ಒಬ್ಬ ಹೆಂಗಸು. ಜೈಬುನ್ನಿಸಾ. ಅವರೂ ಆ ಪ್ರಯೋಗಾಲಯದಲ್ಲೇ ಇದ್ದವರು. ಒಂದು ದಿನ ಕೋಟನ್ನು ಗೇಟಿಗೆ ತೂಗುಹಾಕಿ ಹೊರಗೆ ಬಂದವರು ಮತ್ತೆ ಒಳಗೆ ಹೋಗಲಿಲ್ಲ. ಈಗ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾರೆ. ಅವರ ಮನೆಯ ಬಾಗಿಲಿಗೆ ಬೋರ್ಡು ಬರೆದುಕೊಟ್ಟಿದ್ದೂ ನಾನೇ: ‘ಜೈಬುನ್ನಿಸಾ, ಎಂ.ಎಸ್ಸಿ. ಪ್ರಯೋಗಾಲಯದ ಮಾತು ಆಡಲು ಮನಸ್ಸಿಲ್ಲ.’ ವರ್ಷಗಟ್ಟಲೆ ಹಸಿರು ಬಣ್ಣದಲ್ಲಿ ಹಾಗೆಯೇ ನಿಂತಿತ್ತು.

ಅವರ ಮನೆಗೆ ಹೋದಾಗ ತಗಡು ಬರಿದಾಗಿತ್ತು. ಹಸಿರು ಬಣ್ಣವೆಲ್ಲ ಮೆಟ್ಟಿಲ ಮೇಲಿತ್ತು. ಜೈಬುನ್ನಿಸಾ ಬಕೆಟ್ಟು, ಬಟ್ಟೆ ಹಿಡಿದು ಅದನ್ನು ಒರೆಸುತ್ತಿದ್ದರು.

“ಬೆಳಿಗ್ಗೆ ಆಸ್ಪತ್ರೆ ಸುದ್ದಿ ಬಂತು, ಅಷ್ಟೇ, ಇದು ಸುರೀತು,” ಎಂದರು, ನನ್ನ ಮೇಲೆ ತಪ್ಪು ಹೊರಿಸುವ ಹಾಗೆ. “ನಿಮ್ಮ ಬಣ್ಣಕ್ಕೆ ಮಾನ ಮರ್ಯಾದೆ ಇಲ್ಲ, ತಿಪ್ಪೇಶಪ್ಪ.”

“ಹಂಗಾದ್ರೆ ಮಾತಾಡೋ ಮನಸ್ಸಿದೆ ಅಂತಾಯ್ತು, ಮೇಡಂ.”

“ಕೂತ್ಕಳ್ಳಿ,” ಎಂದರು. ಮೆಟ್ಟಿಲ ಒಣಗಿದ ತುದಿಯಲ್ಲಿ ಕೂತೆ. ಅವರು ಒರೆಸುತ್ತಲೇ ಹೇಳಿದರು. ಹಾಲಸ್ವಾಮಿಯವರು ತಂದ ಮಣ್ಣಿನಿಂದ ಮಧುಕೇಶ್ವರ ಒಂದು ಬೂಷ್ಟನ್ನು ಬೇರೆಮಾಡಿದ್ದರು. ಅದು ಕೆಮ್ಮಿನ ಕ್ರಿಮಿಯನ್ನು ಕೊಲ್ಲುವುದನ್ನು ಒಮ್ಮೆ ಕಂಡಿದ್ದರು, ಒಮ್ಮೆ ಮಾತ್ರ. ಆಮೇಲೆ ಎಷ್ಟು ಬಟ್ಟಲಲ್ಲಿ ಬೆಳೆಸಿದರೂ ಅದು ಸುಮ್ಮನೆ ಕೂತಿತ್ತು. ತಾನು ಬೆಳೆಯುತ್ತಿತ್ತೇ ಹೊರತು ಮದ್ದು ಬಿಡುತ್ತಿರಲಿಲ್ಲ. “ಇಬ್ಬರೂ ದಿನಾ ಜಗಳ. ಬಟ್ಟಲು ಸ್ವಚ್ಛ ಇಲ್ಲ ಅಂತ ಗುರು, ಮಣ್ಣು ಸರಿ ಇಲ್ಲ ಅಂತ ಶಿಷ್ಯ. ಒಂದಿನ ಒಂದು ಬಟ್ಟಲಿಗೆ ಎಲ್ಲಿಂದಲೋ ಬೇರೆ ಬೂಷ್ಟು ಬಂದು ಸೇರ್ಕೊಂಡಿತ್ತು. ಕೆಟ್ಟೋಯ್ತು, ಬಿಸಾಕಿ ಅಂದ್ರು. ನಾನು ಬಿಸಾಕಲಿಲ್ಲ. ನೋಡ್ತೀನಿ, ಎರಡೂ ಬೂಷ್ಟು ಎದುರುಬದುರು ನಿಂತಿವೆ. ನಡುವೆ ಒಂದು ಗೆರೆ, ನೀರಿನಷ್ಟು ತಿಳಿ. ಆ ಗೆರೇನೇ ಮದ್ದು! ಒಂಟಿಯಾಗಿದ್ರೆ ಅದು ಮದ್ದು ಬಿಡಲ್ಲ, ತಿಪ್ಪೇಶಪ್ಪ. ಪಕ್ಕದಲ್ಲಿ ಎದುರಾಳಿ ಇರಬೇಕು, ಆಗ ಬಿಡತ್ತೆ.”

“ಆ ಡಾಕ್ಟ್ರುಗಳ ಥರಾನೇ,” ಎಂದೆ.

“ಅವರು ಮದ್ದು ಎಲ್ಲಿ ಬಿಟ್ರು? ಬರೀ ಜಗಳ ಬಿಟ್ರು,” ಎಂದು ನಕ್ಕರು. ನಗು ಬೇಗ ಆರಿತು. “ವಿಜ್ಞಾನದ ಪತ್ರಿಕೇಲಿ ಬಂದಾಗ ನೋಡಿದೆ. ಬಟ್ಟಲು ಜೋಡಿಸಲು ಸಹಾಯ ಮಾಡಿದವರಿಗೆ ವಂದನೆಗಳು. ಅಷ್ಟೇ ನಾನು. ಹೆಸರೂ ಇಲ್ಲ. ಅವತ್ತೇ ಕೋಟು ಗೇಟಿಗೆ ತೂಗುಹಾಕಿ ಬಂದೆ.”

“ನಿಮ್ಮ ಹೆಸರು ಸೇರಿಸಿದ್ರೆ ಬೋರ್ಡು ನಿಲ್ಲತ್ತೆ. ಬನ್ನಿ ಮೇಡಂ.”

“ಅವರ ಪಕ್ಕದಲ್ಲಿ? ಬೇಡವೇ ಬೇಡ.” ಬಟ್ಟೆಯನ್ನು ಬಕೆಟ್ಟಿಗೆ ಎಸೆದರು. “ಇಲ್ಲೇ ಬರೀರಿ. ನನ್ನ ತಗಡಿನ ಮೇಲೆ. ಬೂದಿ ಕೆಮ್ಮಿನ ಮದ್ದು ಕಂಡುಹಿಡಿದವಳು ಜೈಬುನ್ನಿಸಾ. ಬರೀರಿ, ನಿಲ್ಲತ್ತೆ.”

ಬರೆದೆ. ಮನಸ್ಸಿನಲ್ಲಿ, ನಿಂತುಬಿಡಲಿ ದೇವರೇ ಎಂದುಕೊಂಡೆ. ಅಷ್ಟು ವರ್ಷದ ನೋವು ಆ ತಗಡಿನ ಮುಂದೆ ಕೈಕಟ್ಟಿ ನಿಂತಿತ್ತು. ಬಣ್ಣ ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿ, ಇಳಿಯಿತು.

ಅದು ಕೊನೆಯ ಮೆಟ್ಟಿಲು ಮುಟ್ಟುವವರೆಗೂ ಜೈಬುನ್ನಿಸಾ ಕಣ್ಣಿಟ್ಟು ನೋಡಿದರು. ಆಮೇಲೆ ಕೇಳಿದರು, “ಮಜ್ಜಿಗೆ ಥರವಾ, ಪಾಕದ ಥರವಾ?”

“ನಡುವೆ, ಮೇಡಂ. ಸಾರಿನ ಥರ.”

“ಸಾರು,” ಎಂದರು. ತಮ್ಮೊಳಗೇ ಏನೋ ಅಳೆದು ನೋಡುವವರ ಹಾಗೆ ನಿಂತರು. “ಆ ಮಣ್ಣು ಅವರು ತರದೇ ಇದ್ರೆ ನನ್ನ ಬಟ್ಟಲಲ್ಲಿ ಏನಿರ್ತಿತ್ತು ಹೇಳಿ. ಹದಿನಾರು ಊರಿನ ಕೆರೆ ತಿರುಗಿದ್ರು, ಮುದುಕ. ನಗ್ತಿದ್ರು ಜನ.” ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಂದರು. “ನಡೀರಿ. ಮಾರಕ್ಕನಿಗೂ ಕೆಮ್ಮಂತಲ್ಲ, ಹೆಂಗಿದ್ದಾಳೆ?”

ಆಸ್ಪತ್ರೆಯ ಅಂಗಳದಲ್ಲಿ ಈಗ ಹೋಗಲು ಶಕ್ತಿಯಿಲ್ಲದ ಕೆಲವರು ಮಾತ್ರ ಉಳಿದಿದ್ದರು. ಇಬ್ಬರು ಡಾಕ್ಟರುಗಳೂ ಏಣಿಯ ಆ ಬದಿಗೊಬ್ಬರು ಈ ಬದಿಗೊಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಜೈಬುನ್ನಿಸಾ ಬಂದದ್ದನ್ನು ನೋಡಿ ಇಬ್ಬರೂ ಒಟ್ಟಿಗೆ ಎದ್ದರು, ಒಟ್ಟಿಗೆ ಎದ್ದದ್ದಕ್ಕೆ ಇಬ್ಬರಿಗೂ ಕಸಿವಿಸಿಯಾಯಿತು.

ಮೂರು ಹೆಸರು ಬರೆಯುವುದೆಂದಾಯಿತು. ಬರೆದೆ, ಜಾರಿತು. “ಕಂಡುಹಿಡಿದವರು, ಕಂಡುಹಿಡಿದವರು ಅಂತ ಸುಮ್ನೆ ಹೆಸರು ಪೇರಿಸಿದ್ರೆ ಯಾರಿಗೆ ಏನು ತಿಳಿಯತ್ತೆ?” ಎಂದರು ಜೈಬುನ್ನಿಸಾ. “ಯಾರು ಏನು ಮಾಡಿದ್ರೋ ಅದನ್ನ ಬರೀಲಿ.” ಹಾಲಸ್ವಾಮಿಯವರು ಗಂಟಲು ಸರಿಮಾಡಿಕೊಂಡು ತಮ್ಮ ಕೆಲಸ ಹೇಳತೊಡಗಿದರು, ಅದು ತಗಡಿನ ಮೂರನೇ ಸಾಲಿಗೆ ಬಂದರೂ ಮುಗಿಯಲಿಲ್ಲ, ಅಲ್ಲಿಗೇ ಸುರಿಯಿತು. ಮಧುಕೇಶ್ವರರದ್ದು ಎರಡನೇ ಸಾಲಿಗೇ ಸುರಿಯಿತು. ನಾನು ಕೆನ್ನೆಯ ಮೇಲಿನ ಬಣ್ಣ ಒರೆಸಿಕೊಂಡು ಹೇಳಿದೆ, “ಸ್ವಾಮಿ, ನನ್ನ ಅನುಭವದಲ್ಲಿ ತನ್ನ ಬೋರ್ಡು ತಾನೇ ಹೇಳಿ ಬರೆಸಿದವನದ್ದು ಮೊದಲನೇ ಸಲಕ್ಕೆ ಯಾವತ್ತೂ ನಿಂತಿಲ್ಲ. ಪಕ್ಕದ ಅಂಗಡಿಯೋನನ್ನ ಕೇಳಿ ಬರೆದ್ರೆ ನಿಂತ್ಕಳತ್ತೆ.”

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ಬಾಯಿ ತೆರೆದವರು ಜೈಬುನ್ನಿಸಾ. “ಹಾಲಸ್ವಾಮಿ ಸರ್‌ದು ನಾನು ಹೇಳ್ತೀನಿ. ಬರೀರಿ: ಮಣ್ಣಿನಲ್ಲಿ ಮದ್ದಿದೆ ಎಂದು ಯಾರೂ ನಂಬದಿದ್ದಾಗ ನಂಬಿ, ಕೆರೆಕೆರೆ ತಿರುಗಿ ಮಣ್ಣು ತಂದವರು ಡಾ. ಹಾಲಸ್ವಾಮಿ.”

ಹಾಲಸ್ವಾಮಿಯವರು ಗಂಟಲು ಸರಿಮಾಡಿಕೊಂಡರು. ಈ ಸಲ ಅದಕ್ಕೆ ನಿಜವಾದ ಕಾರಣವಿತ್ತು. ಶಿಷ್ಯನ ಕಡೆ ನೋಡದೆ, ಏಣಿಯ ಕಡೆ ನೋಡುತ್ತಾ ಹೇಳಿದರು: “ಆ ಮಣ್ಣಿನಲ್ಲಿದ್ದ ಸಾವಿರ ಬೂಷ್ಟಿನ ನಡುವೆ ಒಂದನ್ನು ಹುಡುಕಿ ಬೇರೆಮಾಡಿದವರು ಡಾ. ಮಧುಕೇಶ್ವರ. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಆ ಕೊನೇದು ಬರೀಬೇಡ.”

“ಬರೀಲಿ ಬಿಡಿ ಸರ್,” ಎಂದರು ಮಧುಕೇಶ್ವರ.

“ಬರೀಬೇಡ ಅಂದೆ.”

ಉಳಿದದ್ದು ಮಧುಕೇಶ್ವರ. ಅವರು ತಮ್ಮ ಬೂಟನ್ನು ನೋಡುತ್ತಲೇ ಮಾತಾಡಿದರು. “ಆ ಬಟ್ಟಲನ್ನ ಬಿಸಾಕಿ ಅಂದೋನು ನಾನು, ಮೇಡಂ. ಆಮೇಲೆ ನೀವು ಸರಿ ಅಂತ ಗೊತ್ತಾದ ಮೇಲೂ ಹೇಳಲಿಲ್ಲ. ಹೇಳಿದ್ರೆ ಸರ್ ಎದುರಿಗೆ ನಾನು ಸೋತೆ ಅಂತ ಆಗ್ತಿತ್ತು. ನಿಮ್ಮನ್ನ ಮರೆತೇಬಿಟ್ಟು ನಾವಿಬ್ರೂ ಒಬ್ಬರನ್ನೊಬ್ಬರು ನೋಡ್ತಾ ಕೂತ್ವಿ.” ಆಮೇಲೆ ನನಗೆ ಹೇಳಿದರು: “ಬರೀರಿ. ಕೆಟ್ಟಿತು ಎಂದು ನಾವು ಎಸೆಯಹೊರಟ ಬಟ್ಟಲಲ್ಲಿ ಮದ್ದನ್ನು ಕಂಡವರು, ಅದನ್ನು ಬೆಳೆಸುವ ದಾರಿ ತೋರಿಸಿದವರು ಜೈಬುನ್ನಿಸಾ.”

ಜೈಬುನ್ನಿಸಾ ಮುಖ ತಿರುಗಿಸಿ ಗೇಟನ್ನು ನೋಡಿದರು. ಹಿಂದೆ ತಮ್ಮ ಕೋಟು ತೂಗುಹಾಕಿ ಹೋಗಿದ್ದ ಗೇಟು ಅದು.

ನಾನು ನನ್ನಲ್ಲಿದ್ದ ಅತ್ಯುತ್ತಮ ನೀಲಿಯಲ್ಲಿ ಬರೆದೆ. ಇಳಿದು ಕೆಳಗೆ ನಿಂತೆ. ಅಕ್ಷರ ನಿಂತವು. ಚಾಪೆಯ ಮೇಲಿದ್ದವರು ಕತ್ತೆತ್ತಿದರು. ಮಧುಕೇಶ್ವರ ಉಸಿರು ಬಿಟ್ಟರು. ಆಗ, ಕೊನೆಯ ಸಾಲಿನ ಬುಡದಲ್ಲಿ ಒಂದು ಸಣ್ಣ ನೀಲಿ ಹನಿ ಮೂಡಿತು. ಪಾಕದ ಹಾಗೆ, ತುಂಬ ನಿಧಾನವಾಗಿ, ಬೋರ್ಡು ಇಳಿಯತೊಡಗಿತು.

“ಇನ್ನೇನು ಉಳೀತು!” ಎಂದು ಹಾಲಸ್ವಾಮಿಯವರು ಕೂಗಿದರು. “ಇನ್ನೇನಪ್ಪಾ ಬೇಕು ಇದಕ್ಕೆ!”

ನಾನೂ ಅದೇ ಯೋಚಿಸುತ್ತಿದ್ದೆ. ಸುಳ್ಳು ಎಲ್ಲೂ ಇರಲಿಲ್ಲ, ಅಷ್ಟು ನನಗೆ ಗೊತ್ತು. ಆದರೆ ಯಾರು ಏನು ಮಾಡಿದರು ಎಂದು ಪಟ್ಟಿ ಇಟ್ಟರೆ ಇಷ್ಟೇ ಎಂದು ಹೇಳಿದಂತೆ. ಅದರಲ್ಲಿ ಏನೋ ಒಂದು ಬಿಟ್ಟುಹೋಗಿರಬೇಕು, ಬಿಟ್ಟದ್ದು ಸುಳ್ಳಿನಷ್ಟೇ ಭಾರವಾಗಿರಬೇಕು.

ಆಗಲೇ ಗೇಟಿನ ಹತ್ತಿರ ಕೆಮ್ಮು ಕೇಳಿಸಿತು. ಮಾರಕ್ಕ ಬಂದಿದ್ದಳು. ಒಂದು ತಟ್ಟೆಯಲ್ಲಿ ಬಾಳೆಎಲೆ ಹಾಸಿ ಇಡ್ಲಿ ಇಟ್ಟುಕೊಂಡು, ಸೆರಗಿನಿಂದ ಮುಚ್ಚಿಕೊಂಡು ತಂದಿದ್ದಳು. “ಮೂವರೂ ಒಟ್ಟಿಗೆ ನಿಂತವ್ರೆ ಅಂತ ಹೇಳಿದ್ರು, ನಂಬಿಕೆ ಬರಲಿಲ್ಲ. ನೋಡಾನ ಅಂತ ಬಂದೆ. ತಗಳಿ ಜೈಬಮ್ಮ, ತಣ್ಣಗಾಗತ್ತೆ,” ಎಂದು ತಟ್ಟೆ ಕೊಟ್ಟು, ಇಳಿಯುತ್ತಿದ್ದ ಬೋರ್ಡಿನ ಕಡೆ ತಲೆ ಎತ್ತಿದಳು. ಆಕೆಗೆ ಓದು ಬರುತ್ತದೆ, ನಿಧಾನ. ತುಟಿ ಅಲುಗಿಸುತ್ತಾ, ಜಾರುವ ಅಕ್ಷರಗಳ ಹಿಂದೆಯೇ ಕಣ್ಣು ಇಳಿಸುತ್ತಾ ಪೂರ್ತಿ ಓದಿದಳು. ಓದಿ ಮುಗಿದ ಮೇಲೆ ಕೇಳಿದಳು:

“ನಿಂಗಪ್ಪ ಎಲ್ಲಿ?”

ಇಬ್ಬರು ಡಾಕ್ಟರುಗಳೂ ತಗಡಿನಿಂದ ಕಣ್ಣು ಕೆಳಗಿಳಿಸಿದರು.

“ಮೊದಲನೇ ಸೂಜಿ ಯಾರಿಗೆ ಹಾಕಿದ್ರಿ ಸ್ವಾಮಿ? ಮರೆತೋಯ್ತಾ?” ಆಕೆ ಹಾಲಸ್ವಾಮಿಯವರನ್ನು ಕೇಳಿದಳು, ದನಿಯಲ್ಲಿ ಸಿಟ್ಟಿರಲಿಲ್ಲ. “ಇದು ಏನು ಮಾಡತ್ತೋ ನಮಗೂ ಗೊತ್ತಿಲ್ಲ ನಿಂಗಪ್ಪ ಅಂತ ನೀವೇ ಹೇಳಿದ್ರಿ. ನಾನು ಪಕ್ಕದಲ್ಲೇ ಇದ್ದೆ. ನಾನಂತೂ ಹೋಗೋ ಗಿರಾಕಿ, ನನ್ನ ಮೇಲೆ ನೋಡ್ಕಳಿ, ಆಮೇಲಿನೋರಿಗೆ ಆಗ್ಲಿ ಅಂದ ಅವನು. ತೋಳು ಚಾಚಿದ. ಅದರಲ್ಲೂ ಒಗಟು ಹಾಕ್ದ, ಸೂಜಿ ಹಾಕೋ ಡಾಕ್ಟ್ರಿಗೆ.”

ಮಧುಕೇಶ್ವರ ಕುರ್ಚಿಯ ಬೆನ್ನು ಹಿಡಿದುಕೊಂಡರು. “ಅವನ ಮೈ ಉರೀತು, ಉಳೀಲಿಲ್ಲ,” ಎಂದರು. “ಮದ್ದು ಸೋಸದೆ ಕೊಡಬಾರದು ಅಂತ ನಮಗೆ ಗೊತ್ತಾಗಿದ್ದು ಅವತ್ತೇ. ಆಮೇಲೆ ಸೂಜಿ ತಗೊಂಡೋರೆಲ್ಲ ಬದುಕಿದ್ದು ಅದರಿಂದಲೇ. ನಾವು ಅದನ್ನ ಎಲ್ಲೂ ಹೇಳಲಿಲ್ಲ. ಗೆದ್ದ ಕಥೆಯಲ್ಲಿ ಅದು ಚೆನ್ನಾಗಿ ಕಾಣಲ್ಲ ಅನ್ನಿಸ್ತು.”

“ನನಗೆ ನೀವು ಸಾಯಿಸಿದ್ರಿ ಅಂತ ಇಲ್ಲ ಸ್ವಾಮಿ. ಅವನು ಹೋಗೋನೇ ಇದ್ದ. ಆದ್ರೆ ಸುಮ್ನೆ ಹೋಗಲಿಲ್ಲ. ಈ ಬಾಗಿಲು ಅದನ್ನ ಹೇಳ್ದೇ ಇದ್ರೆ ನಾನು ಹೆಂಗೆ ಒಳಕ್ಕೆ ಹೋಗ್ಲಿ?” ಎಂದು ನನ್ನ ಕಡೆ ತಿರುಗಿದಳು. “ಹತ್ತೋ ತಿಪ್ಪೇಶಿ. ಬಾಯಿ ಬಿಟ್ಕಂಡು ಏನು ನೋಡ್ತೀಯ. ಹಳೇದೆಲ್ಲ ಬರಿ, ಕೆಳಗೆ ಜಾಗ ಬಿಡು.”

ಬರೆದೆ. ಕಣ್ಣು ಮಂಜಾಗುತ್ತಿತ್ತು, ಆದರೂ ಗೆರೆ ನೆಟ್ಟಗೆ ಬಂತು. ಕೊನೆಯ ಸಾಲನ್ನು ಮಾರಕ್ಕನೇ ಹೇಳಿದಳು. ತೋಳು ಕೊಟ್ಟ ಮಾತಿಗೆ ಬಂದು ತಡವರಿಸಿದಾಗ ‘ಉಳಿದವರ ಜೀವ ಉಳಿಸಿದವನು’ ಎಂದು ಹಾಲಸ್ವಾಮಿಯವರು ಮೆಲ್ಲಗೆ ಸೇರಿಸಿದರು. ‘ಏನಾಗುವುದೋ ತಿಳಿಯದೆ ಮೊದಲ ಸೂಜಿಗೆ ತೋಳು ಕೊಟ್ಟು, ಉಳಿದವರ ಜೀವ ಉಳಿಸಿದವನು ಇಡ್ಲಿ ಹೋಟೆಲಿನ ನಿಂಗಪ್ಪ.’

ಏಣಿ ಇಳಿದು ಬ್ರಷ್ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಜೈಬುನ್ನಿಸಾ ಇಡ್ಲಿ ಮುರಿದು ಇಬ್ಬರು ಡಾಕ್ಟರುಗಳಿಗೂ ಹಂಚಿದರು. ಮೂವರೂ ತಿನ್ನದೆ, ಕೈಯಲ್ಲಿ ಹಿಡಿದುಕೊಂಡು ತಗಡನ್ನೇ ನೋಡುತ್ತಿದ್ದರು. ಬಿಸಿಲು ಬೋರ್ಡಿನ ಮೇಲೆ ಬಂತು. ಬಣ್ಣದ ಹಸಿ ಮಿನುಗು ಒಂದೊಂದೇ ಅಕ್ಷರದಿಂದ ಆರುತ್ತಾ ಹೋಯಿತು. ಒಂದು ಹನಿಯೂ ಮೂಡಲಿಲ್ಲ.

ಮಾರಕ್ಕ ಬಾಗಿಲ ಹತ್ತಿರ ಹೋಗಿ ತಲೆ ಎತ್ತಿ ನೋಡಿದಳು. “ಅವನ ಹೆಸರು ಸ್ವಲ್ಪ ಚಿಕ್ಕದಾಯ್ತು,” ಎಂದಳು. ಆಮೇಲೆ ತಲೆ ತಗ್ಗಿಸಿ, ಬೋರ್ಡಿನ ಕೆಳಗಿನಿಂದ ಒಳಗೆ ಹೋದಳು. ಮಧುಕೇಶ್ವರ ಓಡುತ್ತಾ ಹಿಂದೆ ಹೋದರು, ಹಾಲಸ್ವಾಮಿಯವರೂ ಹೋದರು. ಅವತ್ತು ಇಬ್ಬರೂ ಒಂದೇ ಬಾಗಿಲಿನಲ್ಲಿ ಹೋದದ್ದನ್ನು ನಾನು ನೋಡಿದೆ. ಸಂಜೆಯ ಹೊತ್ತಿಗೆ ಚಾಪೆಗಳೆಲ್ಲ ವಾಪಸ್ಸು ಬಂದಿದ್ದವು. ಹೊಟ್ಟೆ ಹಿಡಿದು ತೋರಿಸಿದ್ದ ಮುದುಕ ಎಲ್ಲರಿಗಿಂತ ಮುಂದೆ ಕೂತಿದ್ದ.

ಅದೆಲ್ಲ ಆಗಿ ಒಂದು ಮಳೆಗಾಲ ಕಳೆಯಿತು. ಜೈಬುನ್ನಿಸಾ ಶಾಲೆ ಬಿಡಲಿಲ್ಲ, ಆದರೆ ರಜಾದಿನಗಳಲ್ಲಿ ಪ್ರಯೋಗಾಲಯಕ್ಕೆ ಹೋಗುತ್ತಾರೆ. ತಮ್ಮ ಹೈಸ್ಕೂಲಿನ ಹುಡುಗಿಯರನ್ನೂ ಸಾಲಾಗಿ ಕರೆದುಕೊಂಡು ಹೋಗುತ್ತಾರೆ, ಅವರ ಮುಂದೆ ಡಾಕ್ಟರುಗಳಿಗೆ ಜಗಳ ಆಡಲು ನಾಚಿಕೆಯಂತೆ. ಅವರ ಮನೆಯ ತಗಡಿನ ಮೇಲೆ ಈಗ ‘ಜೈಬುನ್ನಿಸಾ, ಎಂ.ಎಸ್ಸಿ. ಮಾತಾಡುತ್ತಾರೆ’ ಎಂದಿದೆ.

ಮೊನ್ನೆ ಮಾರಕ್ಕ ಹೇಳಿಕಳಿಸಿದಳು. ಹೋದೆ. ಕೆನ್ನೆ ತುಂಬಿಕೊಂಡಿತ್ತು, ಸೆರಗು ಬೆಳ್ಳಗಿತ್ತು. ಒರಳಿನ ಮುಂದೆ ತಾನೇ ಕೂತು ರುಬ್ಬುತ್ತಿದ್ದಳು. “ಈಗ ನಾನೂ ಅವನ ಹಂಗೇ ನಿಧಾನಕ್ಕೆ ರುಬ್ತೀನಿ. ಎದೇಲಿ ದಮ್ಮು ಐತೆ. ಬೋರ್ಡು ಬದಲಾಯಿಸು. ‘ಒಳ್ಳೆಯ ಇಡ್ಲಿ’ ಅಂತ ಬರಿ.”

ಹಳೆಯ ತಗಡನ್ನು ಮುಟ್ಟಲು ನನಗೆ ಮನಸ್ಸು ಬರಲಿಲ್ಲ. ಬೇರೊಂದು ತಗಡು ತಂದು ಅದರ ಮೇಲೆ ಬರೆದು, ಗೋಡೆಗೆ ಒರಗಿಸಿಟ್ಟೆ. ಇಬ್ಬರೂ ಚಹಾ ಹಿಡಿದು ಮೆಟ್ಟಿಲ ಮೇಲೆ ಕೂತು ನೋಡತೊಡಗಿದೆವು. ಚಹಾ ಅರ್ಧವಾಯಿತು. ಅಕ್ಷರ ನಿಂತಿದ್ದವು. ಮಾರಕ್ಕ ನನ್ನ ಪಕ್ಕೆಗೆ ತಿವಿದಳು. ಅಷ್ಟರಲ್ಲಿ ಒಂದು ಹನಿ ಮೂಡಿತು, ಪಾಕಕ್ಕಿಂತಲೂ ಮಂದವಾಗಿ, ಜೇನಿನ ಹಾಗೆ, ‘ಒಳ್ಳೆಯ ಇಡ್ಲಿ’ ಮೆಲ್ಲಮೆಲ್ಲಗೆ ಕೆಳಗಿಳಿಯಿತು.

“ಅಯ್ಯೋ ನಿನ್ನ! ಇನ್ನೊಂಚೂರಿತ್ತು ಕಣೋ, ಇನ್ನೊಂದೇ ಒಂಚೂರು!” ಎಂದು ಮಾರಕ್ಕ ತೊಡೆ ತಟ್ಟಿಕೊಂಡು ನಗತೊಡಗಿದಳು. ಚಹಾ ತುಳುಕಿತು, ಕಣ್ಣಲ್ಲಿ ನೀರು ಬಂತು, ಎದುರು ಅಂಗಡಿಯವರು ಹೊರಗೆ ಬಂದು ನೋಡಿದರು. ಆಕೆ ಬಹಳ ಹೊತ್ತು ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಕಿವಿಗೊಟ್ಟು ಕಾಯುತ್ತಿದ್ದೆ. ನಗು ಪೂರ್ತಿ ಮುಗಿದು ಆಕೆ ಕಣ್ಣೊರೆಸಿಕೊಳ್ಳುವವರೆಗೂ ಒಂದೇ ಒಂದು ಕೆಮ್ಮು ಬರಲಿಲ್ಲ.